ಅಪ್‌ಡೇಟ್: ಮಗಳ ಗಾಳಕ್ಕೆ ಕೊನೆಗೂ ಮೀನು ಬಿತ್ತು!

ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ಟೆಕ್ಸಾಸ್‌ನ ಇಂಕ್ಸ್ ಲೇಕ್ ಸ್ಟೇಟ್ ಪಾರ್ಕ್‌ಗೆ ಎರಡು ಸಲ ಹೋದರೂ ಒಂದು ಮೀನೂ ಸಿಗಲಿಲ್ಲ, ಏಳು ವರ್ಷದ ಮಗಳಿಗೆ ತುಂಬಾ ಬೇಜಾರಾಗಿದೆ ಅಂತ. ದೊಡ್ಡ ಪ್ಲಾಸ್ಟಿಕ್ ಹುಳ ಬೇಡ, ಚಿಕ್ಕ ಕೊಕ್ಕೆಗೆ ಎರೆಹುಳ ಸಿಕ್ಕಿಸಿ ಅಂದಿರಿ. ಹಾಗೇ ಮಾಡಿದೆವು.

ಇಲ್ಲಿ ಸಿಗುವ ಬ್ಲೂಗಿಲ್ ಅನ್ನೋ ಪುಟ್ಟ ಸಿಹಿನೀರಿನ ಮೀನಿನ ಬಾಯಿ ತುಂಬಾ ಚಿಕ್ಕದು. ನಮ್ಮ ಹಳೇ ಕೊಕ್ಕೆ ಅದರೊಳಗೆ ಹೋಗುವಂತೆಯೇ ಇರಲಿಲ್ಲ. ಈ ಸಲ 10ನೇ ನಂಬರಿನ ಚಿಕ್ಕ ಕೊಕ್ಕೆ, ಉಗುರಿನಷ್ಟು ಎರೆಹುಳ, ಎರಡಡಿ ಮೇಲೆ ಬೆಂಡು. ಪಿಯರ್‌ನ (ದಡದಿಂದ ನೀರಿನ ಮೇಲೆ ಚಾಚಿದ ಕಟ್ಟೆ) ನೆರಳಿಗೆ ಬಿಟ್ಟೆವು. ಬೆಂಡು ಎರಡು ಸಲ ಅಲುಗಿತು, ಓರೆಯಾಗಿ ಸರಿಯಿತು, ಆಮೇಲೆ ಪಟ್ಟನೆ ಮುಳುಗಿತು. ಮಗಳು ಕೂಗಿದ್ದು ಆಚೆ ದಡಕ್ಕೂ ಕೇಳಿಸಿರಬೇಕು!

ಊರಿಂದ ಬಂದಿರುವ ಅಪ್ಪ ಚಿಕ್ಕಂದಿನಲ್ಲಿ ತುಂಗೆಯಲ್ಲಿ ಗಾಳ ಹಾಕಿದವರು. ಕೈ ಒದ್ದೆ ಮಾಡಿಕೊಂಡು, ತಲೆಯಿಂದ ಹಿಂದಕ್ಕೆ ಸವರಿ, ಬೆನ್ನಿನ ಮುಳ್ಳು ಮಡಚಿ ಹಿಡಿಯುವುದನ್ನು ಮೊಮ್ಮಗಳಿಗೆ ತೋರಿಸಿದರು. ಒದ್ದೆ ಕೈ ಯಾಕೆ ಅಂದರೆ, ಒಣಗಿದ ಕೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಹೋಗುತ್ತದೆ.

ಒಟ್ಟು ಆರು ಬ್ಲೂಗಿಲ್, ಒಂದು ಪುಟ್ಟ ಲಾರ್ಜ್‌ಮೌತ್ ಬಾಸ್ (ದೊಡ್ಡ ಬಾಯಿಯ ಇನ್ನೊಂದು ಜಾತಿ ಮೀನು). ಬಾಸ್ ಇಟ್ಟುಕೊಳ್ಳಲು ಇಲ್ಲಿ 14 ಇಂಚಾದರೂ ಇರಬೇಕು, ನಮ್ಮದು ಒಂಬತ್ತೂ ಇರಲಿಲ್ಲ. ಎಲ್ಲವನ್ನೂ ವಾಪಸ್ ಬಿಟ್ಟೆವು.

ಮೀನು ಹಿಡಿಯೋಕೆ ಅಪ್ಪನಿಗೆ ಲೈಸೆನ್ಸ್ ಬೇಕಾ ಅಂತಲೂ ಕೇಳಿದ್ದೆನಲ್ಲ, ಬೇಕಾಗಲಿಲ್ಲ. ಟೆಕ್ಸಾಸ್‌ನ ಸ್ಟೇಟ್ ಪಾರ್ಕ್ ಒಳಗೆ ದಡದಿಂದಲೋ ಪಿಯರ್‌ನಿಂದಲೋ ಹಿಡಿದರೆ ಲೈಸೆನ್ಸ್ ಬೇಡ.

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಮತ್ತೆ ಹೊರಟಿದ್ದೇವೆ. ಎರೆಹುಳದ ಡಬ್ಬಿ ಮಗಳ ಸುಪರ್ದಿಯಲ್ಲಿದೆ.