ಭಾವಿ ಶಿಕ್ಷಕರಿಗೆ ಮಾನಸಿಕ ಆರೋಗ್ಯದ ಕೋರ್ಸ್: ಏನು ಇಡಲಿ, ಏನು ಬಿಡಲಿ?

ಸೀಮೆಸುಣ್ಣ:
ಮುಂದಿನ ಸೆಮಿಸ್ಟರ್‌ಗೆ ಈ ಕೋರ್ಸ್ ರೂಪಿಸುವ ಕೆಲಸವನ್ನು ವಿಭಾಗದವರು ನನ್ನ ತಲೆಗೆ ಕಟ್ಟಿದ್ದಾರೆ. ಸಿಲಬಸ್ ಬರೆಯಲು ಕೂತರೆ ಖಿನ್ನತೆ, ಆತಂಕ, ಎಡಿಎಚ್‌ಡಿ (ಗಮನ ನಿಲ್ಲದಿರುವ, ಅತಿಚಟುವಟಿಕೆಯ ತೊಂದರೆ) ಅಂತ ಬರೀ ಪಟ್ಟಿ ಆಗ್ತಿದೆ, ಒಂದೊಂದಕ್ಕೂ ಲಕ್ಷಣ, ಕಾರಣ, ಚಿಕಿತ್ಸೆ. ಓದಿದರೆ ನನಗೇ ಆಕಳಿಕೆ. ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ತರಗತಿಯಲ್ಲೇ ತುಂಬಿಸೋಣ ಅಂತಲೂ ಇದ್ದೇನೆ. ಸರಿ ಅಲ್ವಾ?

ಕಿವಿಗೊಟ್ಟವ:
ಅದೊಂದು ಮಾಡಬೇಡಿ. ನಾನು ಆಪ್ತಸಮಾಲೋಚಕ, ಅದಕ್ಕೇ ಹೇಳ್ತಿದ್ದೇನೆ. 9ನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ ಇದೆ. ಹೆಸರು ಬರೆಸದೆ ತುಂಬಿಸಿದ ನಲವತ್ತು ಹಾಳೆಗಳಲ್ಲಿ ಒಂದರಲ್ಲಿ ಅಲ್ಲಿ ‘ಹೆಚ್ಚುಕಡಿಮೆ ದಿನವೂ’ ಅಂತ ಗುರುತು ಬಿದ್ದಿದ್ದರೆ, ಆ ಸಂಜೆ ನೀವು ಯಾರನ್ನು ಹುಡುಕಿಕೊಂಡು ಹೋಗ್ತೀರಿ? ಹೆಸರು ಬರೆಸಿದರೆ ಯಾರೂ ನಿಜ ಬರೆಯಲ್ಲ. ಬದಲಿಗೆ ಕಲ್ಪಿತ ಹುಡುಗನೊಬ್ಬನ ತುಂಬಿದ ಹಾಳೆ ಕೊಡಿ. ಒಟ್ಟು 27 ಅಂಕ. ಅವನದು 10 ಅಥವಾ ಅದಕ್ಕಿಂತ ಹೆಚ್ಚು ಅಂದರೆ ಪರಿಣತರು ನೋಡಬೇಕು ಅಂತ ಅಷ್ಟೇ ಅರ್ಥ, ಕಾಯಿಲೆ ಖಚಿತ ಅಂತಲ್ಲ. ಇದು ತಲೆಗೆ ಹೋದರೆ ಅರ್ಧ ಕೋರ್ಸ್ ಮುಗಿದಂತೆ.

ಎಂಟನೇ ಬೆಂಚು:
ಹತ್ತು ವರ್ಷದಿಂದ ಹೈಸ್ಕೂಲಲ್ಲಿ ಪಾಠ ಮಾಡ್ತಿದ್ದೇನೆ. ನನಗೆ ಲಕ್ಷಣಗಳ ಪಟ್ಟಿ ಒಮ್ಮೆಯೂ ಕೆಲಸಕ್ಕೆ ಬರಲಿಲ್ಲ. ಒಬ್ಬ ಹುಡುಗಿ ಗಂಟೆ ಹೊಡೆದ ಮೇಲೂ ಬ್ಯಾಗಿನ ಜಿಪ್ ಎಳೀತಾ, ಬಿಡ್ತಾ ನಿಂತಿದ್ದಳು. ‘ಯಾರಿಗೂ ಹೇಳಲ್ಲ ಅಂದ್ರೆ ಹೇಳ್ತೀನಿ’ ಅಂದಳು. ನಾನು ಹೂಂ ಅಂದುಬಿಟ್ಟೆ. ಆಮೇಲೆ ಹೇಳಲೇಬೇಕಾದ ವಿಷಯ ಬಂತು, ಮಾತು ತಪ್ಪಿದೆ, ಅವಳು ವರ್ಷಪೂರ್ತಿ ನನ್ನ ಮುಖ ನೋಡಲಿಲ್ಲ. ‘ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಒಬ್ಬರಿಗಾದರೂ ಹೇಳ್ತೀನಿ, ಯಾರಿಗೆ ಅಂತ ನಿನಗೆ ಮೊದಲೇ ಹೇಳ್ತೀನಿ’ ಅನ್ನುವುದನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸಿ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ.

ತಿಳಿನೀರು:
ದಿನಾ ಹತ್ತು ನಿಮಿಷ ಧ್ಯಾನ ಸೇರಿಸಿ, ಮಕ್ಕಳಿಗೂ ಕಲಿಸಬಹುದು.

ಕಿವಿಗೊಟ್ಟವ:
ತಿಳಿನೀರು, ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳ ಮೇಲೆ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನವಿಡುವ ಧ್ಯಾನ) ಪಾಠ ಪರೀಕ್ಷಿಸಿದರು, ಮಿರಿಯಡ್ ಅಂತ ಆ ಅಧ್ಯಯನದ ಹೆಸರು. 2022ರಲ್ಲಿ ಫಲಿತಾಂಶ ಬಂತು. ಎಂದಿನ ಪಾಠಕ್ಕಿಂತ ಇದರಿಂದ ಜಾಸ್ತಿ ಲಾಭ ಕಾಣಲಿಲ್ಲ. ಇಷ್ಟವಿದ್ದವರು ಮಾಡಲಿ, ಸುಮ್ನೆ ಎಲ್ಲರ ಮೇಲೆ ಹೇರೋದು ಬೇಡ. ಇಂಥ ಅಧ್ಯಯನ ಓದುವುದನ್ನೇ ಒಂದು ವಾರದ ಪಾಠ ಮಾಡಿ. ಇನ್ನೊಂದು ಮಾತು, ‘ಸಾಯಬೇಕು ಅನ್ನಿಸ್ತಿದೆಯಾ’ ಅಂತ ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತಾಗಲ್ಲ. ಭಾವಿ ಶಿಕ್ಷಕರಿಗೆ ಈ ಭಯ ಬಹಳ.

ಸೀಮೆಸುಣ್ಣ:
ಪಟ್ಟಿಯನ್ನು ಎರಡು ವಾರಕ್ಕೆ ಇಳಿಸಿದೆ. ಪಿಎಚ್‌ಕ್ಯೂ-9 ಕಲ್ಪಿತ ಹುಡುಗನಿಗೆ ಹೋಯಿತು. ಈಗ ಇನ್ನೊಂದು ತಲೆನೋವು: ಎದುರುಬದುರು ಕೂತು ಮಾತಾಡಿದ್ದಕ್ಕೆ ಅಂಕ ಹೇಗೆ ಕೊಡಲಿ?