ಲೈವ್ ಸಿಡಿ, ಲೈವ್ ಡಿವಿಡಿ: ಕನ್ನಡದಲ್ಲಿ ಏನನ್ನೋಣ? (ಇವತ್ತೇ ಬೇಕು)

ಗೆಳೆಯರೇ,
ಲಿನಕ್ಸ್ (ವಿಂಡೋಸ್ ತರಹದ ಆಪರೇಟಿಂಗ್ ಸಿಸ್ಟಮ್) ಹಂಚೋಕೆ 'ಲೈವ್' ಡಿಸ್ಕ್, ಅಂದರೆ ಡಿಸ್ಕಿನಿಂದಲೇ ಓಡುವಂಥದ್ದು, ಬರೆಯುತ್ತಿದ್ದೇವೆ. ಲಕೋಟೆ ಮೇಲಿನ ಬರಹ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಚಿಕ್ಕ ಆವೃತ್ತಿ 700 ಎಂಬಿ ಸಿಡಿಯಲ್ಲಿ ಹಿಡಿಯುತ್ತದೆ. ದೊಡ್ಡದು 2 ಜಿಬಿ ದಾಟಿದೆ, ಅದಕ್ಕೆ 4.7 ಜಿಬಿಯ ಡಿವಿಡಿಯೇ ಆಗಬೇಕು. 'ಲೈವ್'ಗೆ 'ಜೀವಂತ' ಅಂತ ಬರೆದೆ, ಓದಿದರೆ ಒಂಥರಾ ಆಗುತ್ತೆ. 'ನೇರ' ಅಂದರೆ ಟಿವಿಯ ನೇರ ಪ್ರಸಾರ ನೆನಪಾಗುತ್ತೆ. ಬೇಗ ಹೇಳಿ.

ಉತ್ತರ:
'ತಟ್ಟೆ' ಇರುವಾಗ ಡಿಸ್ಕ್ ಯಾಕೆ? ಗ್ರಾಮಫೋನ್ ತಟ್ಟೆ ಅಂತ ಹಿಂದೆ ಎಲ್ಲರೂ ಅನ್ನುತ್ತಿದ್ದರು. ಊಟದ ತಟ್ಟೆ ನೆನಪಾಗುತ್ತೆ ಅಂತ ಯಾರೂ ಶುರು ಮಾಡಬೇಡಿ. ಗ್ರೀಕಿನ ಡಿಸ್ಕೋಸ್ ಲ್ಯಾಟಿನ್ನಿನಲ್ಲಿ ಡಿಸ್ಕಸ್ ಆಯಿತು. ಇಂಗ್ಲಿಷಿನ ಡಿಸ್ಕ್ ಅದರಿಂದಲೇ ಬಂತು, ಊಟ ಬಡಿಸುವ ಡಿಶ್ ಕೂಡ ಅದರಿಂದಲೇ. ಜರ್ಮನ್ನರಲ್ಲಿ ಅದೇ ಪದ ಟಿಶ್ ಆಗಿ ಮೇಜಾಯಿತು. ಅವರಿಗಿಲ್ಲದ ಮುಜುಗರ ನಮಗ್ಯಾಕೆ? ಲೈವ್ ಡಿಸ್ಕ್ 'ಓಡುತಟ್ಟೆ'. ಸಿಡಿ 'ಕಿರುತಟ್ಟೆ', ಡಿವಿಡಿ 'ಹಿರಿತಟ್ಟೆ'. ಮುಗೀತು.

ಉತ್ತರ:
ಮುಗೀಲಿಲ್ಲ ಸರ್. ಎರಡೂ 12 ಸೆಂ.ಮೀ. ಅಗಲ, 1.2 ಮಿ.ಮೀ. ದಪ್ಪ. ಕಿರಿದು ಯಾವುದು, ಹಿರಿದು ಯಾವುದು? 8 ಸೆಂ.ಮೀ.ನ ಮಿನಿ ಸಿಡಿಗೆ ಏನಂತೀರಿ?

ಬರೀ 'ಲಿನಕ್ಸ್ ತಟ್ಟೆ' ಅಂತ ಬರೆದಿದ್ದ ಡಿಸ್ಕ್ ಒಂದು ನನ್ನ ಕೈಗೂ ಬಂದಿತ್ತು. ಹಳೆ ಕಂಪ್ಯೂಟರಿಗೆ ಹಾಕಿದೆ. ದೀಪ ಮಿಣುಕಿತು, ಡ್ರೈವ್ ಗರ್ರ್ ಅಂತ ತಿರುಗಿ ನಿಂತಿತು. ಮತ್ತೆ ತಿರುಗಿತು, ಮತ್ತೆ ನಿಂತಿತು. ಅದು ಡಿವಿಡಿ, ನನ್ನದು ಬರೀ ಸಿಡಿ ಡ್ರೈವ್. ಸಿಡಿ ಡ್ರೈವಿನ ಲೇಸರ್ ಡಿವಿಡಿಯನ್ನು ಓದಲಾರದು. ಡ್ರೈವಿನ ಮುಖದ ಮೇಲಿರುವುದು ಸಿಡಿ, ಡಿವಿಡಿ ಅನ್ನುವ ಗುರುತು. ಬಳಸುವವರು ಲಕೋಟೆಯಲ್ಲೂ ಅದನ್ನೇ ಹುಡುಕುತ್ತಾರೆ. ಆ ಎರಡು ಪದ ಮುಟ್ಟಬೇಡಿ.

ಇನ್ನು 'ಲೈವ್'. ಲಿನಕ್ಸ್ ಡಿಸ್ಕಿನಿಂದಲೇ ಶುರುವಾಗಿ ಮೆಮೊರಿಯಲ್ಲಿ ನಡೆಯುತ್ತದೆ, ಕಂಪ್ಯೂಟರಿನಲ್ಲಿರುವ ಫೈಲುಗಳ ತಂಟೆಗೆ ಹೋಗುವುದಿಲ್ಲ. ಮೊದಲ ಸಲ ಹಾಕುವವರಿಗೆ ಇರೋ ಭಯವೇ ಅದು ಅಲ್ವಾ? ಅದಕ್ಕೇ ಒಂದು ಪದ ಹೊಸೆಯುವುದಕ್ಕಿಂತ 'ಇನ್‌ಸ್ಟಾಲ್ ಮಾಡದೆ ಬಳಸಿ' ಅಂತ ನೇರವಾಗಿ ಬರೆಯಿರಿ.

ಉತ್ತರ:
ಇನ್‌ಸ್ಟಾಲ್ ಅಂತೆ! ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ಕೊನೆಗೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಉತ್ತರ:
ಪ್ರತ್ಯಯ ಹತ್ತಿದ ಮೇಲೆ ಪದ ನಮ್ಮದೇ. ಕುರ್ಚಿ ಅರಬ್ಬಿಯದು, ಮೇಜು ಪಾರಸಿಯದು. ಯಾರು ವಾಪಸ್ ಕೇಳಿದರು? ಇನ್‌ಸ್ಟಾಲ್‌ಗೆ 'ಅನುಸ್ಥಾಪನೆ' ಅಂದರೆ ಅದೂ ಸಾಲವೇ, ಸಂಸ್ಕೃತದ್ದು. ಜತೆಗೆ ಯಾರಿಗೂ ಅರ್ಥವಾಗದು.

ಕನ್ನಡ ಬೇಕಾದ ಕಡೆ ನಾನೂ ಬೇಕು ಅಂತೀನಿ. ಡಿಸ್ಕ್ ಬರೆಯುವ ಸೂಚನೆಯಲ್ಲಿ ಐಎಸ್‌ಒ ಇಮೇಜನ್ನು (ಇಡೀ ಡಿಸ್ಕಿನ ನಕಲಿರುವ ಒಂದೇ ಫೈಲು) ದಯವಿಟ್ಟು 'ಚಿತ್ರ' ಮಾಡಬೇಡಿ. 'ಪಡಿಯಚ್ಚು' ಅನ್ನಿ. ಚಿತ್ರ ಅಂದರೆ ಫೋಟೊ ತರಹ ಫೈಲನ್ನೇ ಡಿಸ್ಕಿಗೆ ಹಾಕಿಬಿಡುತ್ತಾರೆ. ತೆರೆದು ನೋಡಿದರೆ ಒಂದೇ ಒಂದು ಐಎಸ್‌ಒ ಫೈಲು ಇರುತ್ತದೆ, ಕಂಪ್ಯೂಟರ್ ಅದರಿಂದ ಶುರುವಾಗಲ್ಲ. ಪಡಿಯಚ್ಚು ಅಂದರೆ ಇದ್ದ ಹಾಗೇ ಒತ್ತಬೇಕು ಅನ್ನೋದು ಪದದಲ್ಲೇ ಇದೆ.

ಉತ್ತರ:
'ಪಡಿಯಚ್ಚು' ಒಪ್ಪಿದೆ. ಉಳಿದದ್ದು ಒಪ್ಪಿಲ್ಲ.

ಉತ್ತರ:
ಎಲ್ಲರಿಗೂ ಥ್ಯಾಂಕ್ಸ್. ಅಚ್ಚಿಗೆ ಕಳಿಸಿದ್ದು ಇದು:
'ಲಿನಕ್ಸ್ ಲೈವ್ ಡಿವಿಡಿ. ಇನ್‌ಸ್ಟಾಲ್ ಮಾಡದೆ ಬಳಸಿ ನೋಡಿ. ಸಿಡಿ ಡ್ರೈವಿನಲ್ಲಿ ಓಡುವುದಿಲ್ಲ.'
ಸಿಡಿಯ ಲಕೋಟೆಗೆ ಕೊನೆಯ ಸಾಲು ಬಿಟ್ಟಿದ್ದೇನೆ. ಸೂಚನೆ ಹಾಳೆಯಲ್ಲಿ 'ಪಡಿಯಚ್ಚು' ಹಾಕಿದ್ದೇನೆ.