ಉತ್ತರಾಯಣದ ಗಾಳಿಪಟ ಮಕ್ಕಳಿಗೆ ಏನನ್ನು ಕಲಿಸುತ್ತದೆ?

ಪ್ರಶ್ನೆ: ಜನವರಿ 14ರ ಉತ್ತರಾಯಣಕ್ಕೆ ಅಹಮದಾಬಾದಿನಲ್ಲಿದ್ದೆವು. ತನ್ನ ಪಟ ಕಡಿದುಹೋದಾಗ ಬಿಕ್ಕಿ ಅತ್ತ ಮಗಳಿಗೆ ಏನೆಂದು ಹೇಳಲಿ?

ಉತ್ತರ 1: ದಾರ ಸಡಿಲಿಸುವುದನ್ನು ಅಲ್ಲಿ ‘ಢೀಲ್’ ಎಂದೂ ಎಳೆಯುವುದನ್ನು ‘ಖೇಂಚ್’ ಎಂದೂ ಕರೆಯುತ್ತಾರೆ, ಗಾಳಿ ಬಿರುಸಾದಾಗ ಬಿಗಿಯಾಗಿ ಎಳೆದೇ ಹಿಡಿದರೆ ಪಟ ಹರಿಯುತ್ತದೆ, ಬೆರಳ ಸಂದಿಯಿಂದ ದಾರ ಸರಸರನೆ ಜಾರಲು ಬಿಟ್ಟರೆ ಮೇಲೇರುತ್ತದೆ. ಇದನ್ನು ಮಗುವಿನ ಕೈಗೇ ಕೊಟ್ಟು ತೋರಿಸಿ. ನನಗಂತೂ ಹಿಂದೆ ನಿಂತು ಫಿರ್ಕಿ (ದಾರ ಸುತ್ತಿದ ಉರುಳೆ) ಹಿಡಿಯುವವರ ತಾಳ್ಮೆಯೇ ಹೆಚ್ಚು ಇಷ್ಟ.

ಉತ್ತರ 2: ಗಾಜಿನ ಪುಡಿ ಲೇಪಿಸಿದ ಮಾಂಜಾ ದಾರ ಹಕ್ಕಿಗಳ ರೆಕ್ಕೆಯನ್ನು ಸೀಳುತ್ತದೆ ಎಂಬುದನ್ನೂ ದಯವಿಟ್ಟು ಹೇಳಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿಯೇ ನಿಷೇಧಿಸಿದೆ. ಹಕ್ಕಿಗಳು ಹೊರಡುವ ಮುಂಜಾನೆ, ಮರಳುವ ಮುಸ್ಸಂಜೆಯಲ್ಲಿ ಪಟ ಹಾರಿಸದಿರುವುದು ಒಳಿತು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಮುಂದಿನ ವರ್ಷ ಬರಿಯ ಹತ್ತಿಯ ದಾರ ತರುತ್ತೇನೆ. ಫಿರ್ಕಿ ನನ್ನ ಕೈಯಲ್ಲಿರುತ್ತದೆ.